ಮಂಜು ಮುಸುಕಿದ ಹುಸಿ ಲಂಡನ್

ಕಪ್ಪು ಬಿಳುಪಿನ ಪರದೆಯ ಮೇಲೆ ಮಂಜು ಕವಿದ ಓಣಿ. ದೂರದಲ್ಲೆಲ್ಲೋ ಹಡಗಿನ ಕೂಗು. ಒಂಟಿ ಮನುಷ್ಯನೊಬ್ಬ ಬಿರಬಿರನೆ ಹೆಜ್ಜೆ ಹಾಕುತ್ತಾನೆ, ಕತ್ತಲಿನಿಂದ ಎರಡು ಕೈಗಳು ಚಾಚಿಕೊಳ್ಳುತ್ತವೆ, ಒಂದು ಚೀತ್ಕಾರ. ಹಿಂದೆಯೇ ಗುಂಡಿನ ಸದ್ದು, ರಕ್ತಗೆಂಪು ಅಕ್ಷರಗಳಲ್ಲಿ ಚಿತ್ರದ ಹೆಸರು, ಜೊತೆಗೊಂದು ಗಡಸು ದನಿ: ‘ಹಲೋ, ಎಡ್ಗರ್ ವ್ಯಾಲೇಸ್ ಮಾತಾಡುತ್ತಿದ್ದೇನೆ.’ ಆ ಹೆಸರಿನ ಇಂಗ್ಲಿಷ್ ಪತ್ತೇದಾರಿ ಕಾದಂಬರಿಕಾರ 1932ರಲ್ಲೇ, ‘ಕಿಂಗ್ ಕಾಂಗ್’ ಚಿತ್ರಕ್ಕೆ ಬರೆಯಲೆಂದು ಹಾಲಿವುಡ್ಡಿಗೆ ಹೋಗಿದ್ದಾಗ, ತೀರಿಕೊಂಡಿದ್ದ. ಮಾತಾಡುತ್ತಿರುವುದು ನಿರ್ದೇಶಕ ಆಲ್ಫ್ರೆಡ್ ಫೋರರ್. ಮಂಜು ಸ್ಟುಡಿಯೋದ ಯಂತ್ರ ಉಗುಳಿದ್ದು. ಓಣಿ ಹ್ಯಾಂಬರ್ಗಿನದೋ ಪಶ್ಚಿಮ ಬರ್ಲಿನ್ನಿನದೋ. ಇಂಗ್ಲಿಷ್ ಸಿರಿವಂತರ ಬಂಗಲೆಯೆಂದು ಕಾಣಿಸುವುದು ಬರ್ಲಿನ್ನಿನ ಹೊರವಲಯದ ನವಿಲು ದ್ವೀಪದ ಅರಮನೆ. ನಡುನಡುವೆ ಬಿಗ್ ಬೆನ್ ಗಡಿಯಾರ, ಕೆಂಪು ಬಸ್ಸು, ಪಿಕಡಿಲಿ ವೃತ್ತದ ತುಣುಕುಗಳನ್ನು ಅಂಟಿಸಿದರೆ ಲಂಡನ್ ಸಿದ್ಧ. 1959ರಿಂದ 1972ರವರೆಗೆ ರಿಯಾಲ್ಟೋ ಫಿಲ್ಮ್ ಸಂಸ್ಥೆಯೊಂದೇ ಇಂಥ 32 ವ್ಯಾಲೇಸ್ ಚಿತ್ರಗಳನ್ನು ಹೊರತಂದಿತು. ಪೈಪೋಟಿಯ ನಿರ್ಮಾಪಕರು ತೆಗೆದ ಅನುಕರಣೆಗಳನ್ನೂ ಸೇರಿಸಿದರೆ ಅದೊಂದು ಸಂತೆ. ‘ಮುಖವಾಡದ ಕಪ್ಪೆ’, ‘ಏಳು ಬೀಗಗಳ ಬಾಗಿಲು’, ‘ಸೋಹೋದ ಗೂನ’, ‘ಚಾಟಿ ಹಿಡಿದ ಸನ್ಯಾಸಿ’ ಎಂಬ ಹೆಸರುಗಳೇ ಸಾಕು, ಒಳಗಿನ ಸರಕು ಎಂಥದ್ದೆಂದು ಹೇಳಲು.

ಇವುಗಳಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಜರ್ಮನ್ ಟಿವಿಯಲ್ಲಿ ಮತ್ತೆ ಮತ್ತೆ ಬಂದಿವೆ, ಡಿವಿಡಿ ಪೆಟ್ಟಿಗೆಗಳಾಗಿ ಮಾರಾಟವಾಗಿವೆ, 2004ರಲ್ಲಿ ಇವನ್ನು ಅಣಕಿಸುವುದಕ್ಕೆಂದೇ ಒಂದು ಹಾಸ್ಯಚಿತ್ರ ತೆರೆಗೆ ಬಂದು, ಮೂರು ವರ್ಷಕ್ಕೆ ಅದರ ಮುಂದಿನ ಭಾಗವೂ ಬಂತು. ಈ ಸೆಳೆತಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಚಿತ್ರಗಳು ಎಷ್ಟು ಕಳಪೆಯೆಂದರೆ ನಗು ಬರುತ್ತದೆ, ಆ ನಗುವೇ ಮಜಾ. ಈ ವಿವರಣೆ ಸುಲಭದ್ದು, ನನ್ನ ಮಟ್ಟಿಗೆ ಸಾಲದು. ಕಳಪೆ ಸಿನಿಮಾ ಪ್ರಪಂಚದ ಎಲ್ಲ ಕಡೆಯೂ ಹೇರಳವಾಗಿದೆ, ಅದರಲ್ಲಿ ಬಹುಪಾಲು ಹತ್ತು ನಿಮಿಷ ಕೂರಿಸಿಕೊಳ್ಳುವುದಿಲ್ಲ. ಈ ಚಿತ್ರಗಳಾದರೋ ಕೊಲೆಗಾರ ಯಾರೆಂದು ಗೊತ್ತಿದ್ದರೂ ಇನ್ನೊಮ್ಮೆ ನೋಡಿಸಿಕೊಳ್ಳುತ್ತವೆ. ಕಾರಣ ಆ ಹುಸಿ ಲಂಡನ್ನಿನಲ್ಲೇ ಇದೆ ಎಂಬುದು ನನ್ನ ವಾದ. ತನ್ನ ನೆರೆಹೊರೆಯ ಬಗ್ಗೆ, ತನ್ನ ವೈದ್ಯರು, ವಕೀಲರು, ಪಾದ್ರಿಗಳ ಬಗ್ಗೆ ನೇರವಾಗಿ ಕೇಳಲಾರದ ಪ್ರಶ್ನೆಯೊಂದನ್ನು ಒಂದು ದೇಶ ವೇಷ ಹಾಕಿಕೊಂಡು ಕೇಳಿದಾಗ ಹುಟ್ಟಿದ ಸಿನಿಮಾ ಇದು. ಗಂಭೀರ ಚಿತ್ರಗಳು ಅಳೆದು ತೂಗಿ ಮಾತಾಡುತ್ತಿದ್ದ ಹೊತ್ತಿನಲ್ಲಿ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಅಗ್ಗದ ಚಿತ್ರಗಳು ಬಾಯಿ ಬಿಟ್ಟವು.

ಹಿನ್ನೆಲೆ ಸ್ವಲ್ಪ ಹೇಳಬೇಕು. ವ್ಯಾಲೇಸ್ ಜರ್ಮನರಿಗೆ ಹೊಸಬನಲ್ಲ. 1920ರ ದಶಕದಲ್ಲೇ ಗೋಲ್ಡ್‌ಮನ್ ಪ್ರಕಾಶನ ಅವನ ಕಾದಂಬರಿಗಳನ್ನು ಸಾಲುಸಾಲಾಗಿ ಜರ್ಮನ್ ಭಾಷೆಗೆ ತಂದಿತ್ತು, ಬರ್ಲಿನ್ನಿನ ರಂಗಭೂಮಿಯಲ್ಲಿ ಅವನ ನಾಟಕಗಳಾದವು, 1930ರ ಆಸುಪಾಸಿನಲ್ಲಿ ಕೆಲವು ಸಿನಿಮಾಗಳೂ ಬಂದವು. ನಾಜಿ ಆಡಳಿತ ಇಂಗ್ಲಿಷ್ ಪತ್ತೇದಾರಿ ಸಾಹಿತ್ಯವನ್ನು ಅದುಮಿಟ್ಟಿತು. ಯುದ್ಧ ಮುಗಿದ ಮೇಲೆ ಕೆಂಪು ರಟ್ಟಿನ ಅಗ್ಗದ ಪುಸ್ತಕಗಳಾಗಿ ವ್ಯಾಲೇಸ್ ಮರಳಿದ. ಚಿತ್ರರಂಗ ಮಾತ್ರ ಹಿಂಜರಿಯಿತು. 1950ರ ದಶಕದ ಪಶ್ಚಿಮ ಜರ್ಮನಿಯ ತೆರೆಯನ್ನು ಆಳಿದ್ದು ಹಸಿರು ಬೆಟ್ಟ, ಕುರಿ ಮಂದೆ, ಊರ ಹಬ್ಬ, ಬೇಟೆಗಾರ, ಮುಗ್ಧ ಹುಡುಗಿಯರ ‘ತಾಯ್ನೆಲದ ಚಿತ್ರಗಳು’. ಅಲ್ಲಿ ಬಾಂಬಿಗೆ ಬಿದ್ದ ಊರುಗಳಿಲ್ಲ, ಕೇಳಬಾರದ ಪ್ರಶ್ನೆಗಳಿಲ್ಲ. ಪತ್ತೇದಾರಿ ಚಿತ್ರ ಗಲ್ಲಾಪೆಟ್ಟಿಗೆಗೆ ವಿಷವೆಂದು ವಿತರಕರು ನಂಬಿದ್ದರು. 1956ರಲ್ಲಿ ಆ ದೇಶದಲ್ಲಿ 80 ಕೋಟಿಗೂ ಹೆಚ್ಚು ಟಿಕೆಟ್ ಹರಿದಿತ್ತು. ಟಿವಿ ಮನೆ ಹೊಕ್ಕ ಮೇಲೆ ಆ ಸಂಖ್ಯೆ ಪಾತಾಳಕ್ಕಿಳಿಯತೊಡಗಿ, ಅರವತ್ತರ ದಶಕ ಮುಗಿಯುವಷ್ಟರಲ್ಲಿ 20 ಕೋಟಿಯ ಕೆಳಗಿತ್ತು. ಆ ಇಳಿಜಾರಿನ ಆರಂಭದಲ್ಲಿ, 1959ರ ಸೆಪ್ಟೆಂಬರಿನಲ್ಲಿ, ಹಾರಾಲ್ಡ್ ರೈನ್ಲ್ ನಿರ್ದೇಶಿಸಿದ ‘ಮುಖವಾಡದ ಕಪ್ಪೆ’ ಬಿಡುಗಡೆಯಾಯಿತು. ಗುಡ್ಡೆಗಣ್ಣಿನ ಕಪ್ಪೆಯ ಮುಖವಾಡ ತೊಟ್ಟ ದರೋಡೆಕೋರ, ಮುಂಗೈ ಮೇಲೆ ಕಪ್ಪೆಯ ಮುದ್ರೆ ಹೊತ್ತ ಅವನ ಬಂಟರು. ಚಿತ್ರೀಕರಣ ಕೋಪನ್‌ಹೇಗನ್ನಿನಲ್ಲಿ. ಚಿತ್ರ ಓಡಿತು, ಹಿಂದೆಯೇ ಇನ್ನೊಂದು, ಮತ್ತೊಂದು. ಹ್ಯಾಂಬರ್ಗ್ ಬಂದರನ್ನೇ ಥೇಮ್ಸ್ ಎಂದು ತೋರಿಸಿ, ಮುಳುಗುಗಾರನ ಉಡುಪಿನ ಕೊಲೆಗಾರನ ಕೈಗೆ ಈಟಿಗೋವಿ ಕೊಟ್ಟ 1962ರ ‘ಥೇಮ್ಸ್ ದಡದ ವಸತಿಗೃಹ’ವನ್ನು 30 ಲಕ್ಷಕ್ಕೂ ಹೆಚ್ಚು ಜನ ನೋಡಿದರು.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಕಥೆಗಳು ಇಂಗ್ಲಿಷಿನವು, ಹೆಚ್ಚಿನವು ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ಬರೆದವು. ಮಂಜು, ಮುಖವಾಡ, ಬೇನಾಮಿ ಆಸ್ತಿ ಎಲ್ಲ ವ್ಯಾಲೇಸನ ಸರಕಾಗಿರುವಾಗ ಅದರಲ್ಲಿ ಜರ್ಮನಿಯ ಅಂತರಂಗ ಹುಡುಕುವುದು ಅತಿಯಲ್ಲವೇ? ಇದಕ್ಕೆ ಉತ್ತರ ಕೊಡಲು ಚರಿತ್ರೆಯೇ ಒಂದು ಪ್ರಯೋಗ ಮಾಡಿಟ್ಟಿದೆ. ಅದೇ ಹೊತ್ತಿನಲ್ಲಿ, 1960ರಿಂದ 1965ರವರೆಗೆ, ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋ ಕೂಡ ವ್ಯಾಲೇಸನ ಹೆಸರಿನಲ್ಲಿ ಒಂದೊಂದು ತಾಸಿನ 40ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯಿತು. ಅದೇ ಲೇಖಕ, ಅದೇ ವರ್ಷಗಳು, ಅಲ್ಲೂ ಬಜೆಟ್ ಕಡಿಮೆಯೇ. ಆದರೆ ಅವನ್ನು ನೋಡಿದರೆ ಬೇರೆಯೇ ಲೋಕ. ಹಗಲು ಬೆಳಕು, ಸಾಧಾರಣ ಕಚೇರಿಗಳು, ಬಾಡಿಗೆ ಮನೆಗಳು, ಸಾಲದಲ್ಲಿ ಸಿಕ್ಕಿಬಿದ್ದ ಗುಮಾಸ್ತರು, ಬೆದರಿಸಿ ಹಣ ಕೀಳುವ ಪುಡಿ ಪುಂಡರು. ಕಪ್ಪೆಯೂ ಇಲ್ಲ, ಗೂನನೂ ಇಲ್ಲ. ಆ ಸರಣಿಯಲ್ಲಿ ಮಂಜು ಕಾಣುವುದು ಶೀರ್ಷಿಕೆಯ ಹೊತ್ತಿನಲ್ಲಿ ನಿಧಾನವಾಗಿ ತಿರುಗುವ ವ್ಯಾಲೇಸನ ಎದೆಮಟ್ಟದ ಪ್ರತಿಮೆಯ ಸುತ್ತ, ಅಷ್ಟೆ. ನಿಜವಾದ ಲಂಡನ್ ಆಗಲೇ ತನ್ನ ಮಂಜನ್ನು ಓಡಿಸುವ ಕೆಲಸಕ್ಕೆ ಕೈಹಾಕಿತ್ತು: 1952ರ ಡಿಸೆಂಬರಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾನೂನೇ ಬಂದಿತ್ತು. ಬ್ರಿಟಿಷರು ಬಿಟ್ಟುಕೊಟ್ಟ ಮಂಜನ್ನು ಜರ್ಮನರು ಯಂತ್ರವಿಟ್ಟು ತಯಾರಿಸುತ್ತಿದ್ದರು. ಮುಖವಾಡಗಳನ್ನೂ ವಿಚಿತ್ರ ಕೊಲೆಗಳನ್ನೂ ನೆಲಮಾಳಿಗೆಗಳನ್ನೂ ಆರಿಸಿ, ಹಿಗ್ಗಿಸಿ, ಮತ್ತೆ ಮತ್ತೆ ಬೇಡಿದ್ದು ಜರ್ಮನ್ ನಿರ್ಮಾಪಕರು ಮತ್ತು ಜರ್ಮನ್ ಪ್ರೇಕ್ಷಕರು. ಚಿತ್ರಕಥೆಗಳು ಬರಬರುತ್ತ ಕಾದಂಬರಿಯ ಹೆಸರನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ತಾವೇ ಕಟ್ಟಿದವು.

ಕಥೆ ಲಂಡನ್ನಿನಲ್ಲೇ ನಡೆಯಬೇಕಿದ್ದಕ್ಕೂ ಕಾರಣವಿದೆ. ಜರ್ಮನಿಯಲ್ಲಿ ನಡೆದರೆ ಜರ್ಮನ್ ಪೊಲೀಸ್ ಅಧಿಕಾರಿಯನ್ನು ನಾಯಕನಾಗಿ ತೋರಿಸಬೇಕು. ನಲವತ್ತು ದಾಟಿದ ಅಧಿಕಾರಿಯೆಂದರೆ, 1942ರಲ್ಲಿ ಈತ ಎಲ್ಲಿದ್ದ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅದು ಬರಿಯ ಗುಮಾನಿಯಾಗಿರಲಿಲ್ಲ. ಪಶ್ಚಿಮ ಜರ್ಮನಿಯ ಕೇಂದ್ರ ಅಪರಾಧ ತನಿಖಾ ದಳದ ಮೇಲಿನ ಹುದ್ದೆಗಳಲ್ಲಿ ಆಗ ಕೂತಿದ್ದವರಲ್ಲಿ ಬಹುಪಾಲು ಜನ ಹಳೆಯ ಆಡಳಿತದ ಪೊಲೀಸ್ ವ್ಯವಸ್ಥೆಯಿಂದಲೇ ಬಂದವರು. ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರನಿಗೆ ಅಂಥ ಗತವಿಲ್ಲ. ಯೋಆಖಿಮ್ ಫುಕ್ಸ್‌ಬರ್ಗರ್ ಎಂಬ ಗಟ್ಟಿಮುಟ್ಟಾದ, ನಗುಮೊಗದ ನಟ ಆ ಕೋಟು ತೊಟ್ಟು ಪ್ರೇಕ್ಷಕರಿಗೆ ನಿರಾಳವಾಗಿ ಮೆಚ್ಚಬಹುದಾದ ಕಾನೂನಿನ ಆಳಾದ. ಇದು ಪಲಾಯನ ತಾನೇ ಎಂದರೆ, ಹೌದು, ಪಲಾಯನವೇ. ಆದರೆ ಓಡಿಹೋದವರು ಹೋಗಿ ಸೇರಿದ್ದು ಎಂಥ ಜಾಗಕ್ಕೆ ಎಂಬುದನ್ನೂ ನೋಡಬೇಕು. ತಾಯ್ನೆಲದ ಚಿತ್ರಗಳಿಂದ ಓಡಿದವರು ಬಂದು ಬಿದ್ದದ್ದು, ಗೌರವಸ್ಥರೆಲ್ಲ ಸುಳ್ಳು ಹೆಸರಿನಲ್ಲಿ ಬದುಕುವ, ಪ್ರತಿ ಆಸ್ತಿಯ ಹಿಂದೆಯೂ ಒಂದು ಹೆಣವಿರುವ, ಅನಾಥಾಲಯ ಆಸ್ಪತ್ರೆಗಳ ನೆಲಮಾಳಿಗೆಯಲ್ಲಿ ಕೊಲೆ ನಡೆಯುವ ಊರಿಗೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಫೋರರ್ ಈ ಸರಣಿಗೆ ನಿರ್ದೇಶಿಸಿದ 14 ಚಿತ್ರಗಳಲ್ಲಿ ಮೊದಲನೆಯದು, 1961ರ ‘ಲಂಡನ್ನಿನ ಸತ್ತ ಕಣ್ಣುಗಳು’. ವ್ಯಾಲೇಸನ 1924ರ ಕಾದಂಬರಿಯನ್ನು ಬ್ರಿಟಿಷರು 1939ರಲ್ಲೇ ಬೇಲಾ ಲುಗೋಸಿಯನ್ನು ಹಾಕಿಕೊಂಡು ಚಿತ್ರ ಮಾಡಿದ್ದರು. ಜರ್ಮನ್ ಚಿತ್ರದಲ್ಲಿ, ಮಂಜಿನ ರಾತ್ರಿಗಳಲ್ಲಿ ಹತ್ತಿರದ ನಂಟರಿಲ್ಲದ ಶ್ರೀಮಂತ ಮುದುಕರ ಹೆಣಗಳು ಒಂದೊಂದಾಗಿ ಥೇಮ್ಸ್ ನದಿಯಲ್ಲಿ ತೇಲುತ್ತವೆ. ಎಲ್ಲರ ಹೆಸರಿನಲ್ಲೂ ವಿಮೆ. ಒಬ್ಬನ ಮೈಮೇಲೆ ಬ್ರೈಲ್ ಲಿಪಿಯ ಕಾಗದದ ಚೂರು ಸಿಗುತ್ತದೆ, ಅದನ್ನು ಓದಿಕೊಡಲು ಬರುವಾಕೆ ನಟಿ ಕಾರಿನ್ ಬಾಲ್. ಸುಳಿವು ಅಂಧರ ಆಶ್ರಮವೊಂದಕ್ಕೆ ಕರೆದೊಯ್ಯುತ್ತದೆ. ಅದನ್ನು ನಡೆಸುವವನು ಕಣ್ಣು ಕಾಣದ, ಮೃದುಮಾತಿನ ಪಾದ್ರಿ. ಕೊನೆಗೆ ತಿಳಿಯುವುದು, ಆ ಕುರುಡು ಬರಿಯ ನಟನೆ, ಕೊಲೆಗಳ ಸೂತ್ರಧಾರ ಅವನೇ ಎಂದು. ಈ ಪಾತ್ರ ಮಾಡಿದ ನಟ ಡೀಟರ್ ಬೋರ್ಶೆ. 1949ರ ‘ರಾತ್ರಿ ಪಹರೆ’ ಚಿತ್ರದಲ್ಲಿ ಯುದ್ಧದಿಂದ ನೊಂದ ಜನಕ್ಕೆ ಸಾಂತ್ವನ ಹೇಳುವ ಕಿರಿಯ ಪಾದ್ರಿಯಾಗಿ, 1951ರ ‘ಡಾಕ್ಟರ್ ಹೋಲ್’ನಲ್ಲಿ ಸಂಭಾವಿತ ವೈದ್ಯನಾಗಿ ಇಡೀ ದೇಶದ ಹೆಂಗಸರ ಮನ ಗೆದ್ದಿದ್ದವನು ಈತನೇ. ಹತ್ತು ವರ್ಷ ಒಳ್ಳೆಯತನದ ಮುಖವಾಗಿದ್ದ ಮುಖದ ಮೇಲೆ ಕಪ್ಪು ಕನ್ನಡಕ ಇಟ್ಟು, ಅದೇ ಪಾದ್ರಿಯ ನಿಲುವಂಗಿ ತೊಡಿಸಿ, ಒಳಗಿರುವುದು ಕೊಲೆಗಡುಕನೆಂದು ತೋರಿಸಿದರು. ಮರುವರ್ಷ, 1962ರ ಜನವರಿಯಲ್ಲಿ, ಟಿವಿಯಲ್ಲಿ ಆರು ಕಂತಿನ ‘ಕತ್ತಿನ ವಸ್ತ್ರ’ ಎಂಬ ಪತ್ತೇದಾರಿ ಧಾರಾವಾಹಿ ಬಂದಾಗ ಬೀದಿಗಳು ಬಿಕೋ ಎಂದವು. ಕೊನೆಯ ಕಂತಿನ ಹಿಂದಿನ ದಿನ ವೋಲ್ಫ್‌ಗಾಂಗ್ ನೊಯ್ಸ್ ಎಂಬ ಹಾಸ್ಯಗಾರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕೊಲೆಗಾರನ ಹೆಸರನ್ನು ಬಯಲು ಮಾಡಿದ. ದೇಶದ್ರೋಹಿ ಎಂಬ ಬೈಗುಳದವರೆಗೂ ಗದ್ದಲ ಹೋಯಿತು. ಅವನು ಬರೆದಿದ್ದ ಹೆಸರು ಮತ್ತೆ ಡೀಟರ್ ಬೋರ್ಶೆ.

ಆಗಿನ ಸುದ್ದಿ ಪತ್ರಿಕೆಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ‘ಮುಖವಾಡದ ಕಪ್ಪೆ’ ತೆರೆಕಂಡ ಎರಡೇ ತಿಂಗಳಿಗೆ, 1959ರ ನವೆಂಬರಿನಲ್ಲಿ, ವೆರ್ನರ್ ಹೈಡೆ ಎಂಬ ಮನೋವೈದ್ಯ ಸೆರೆಯಾದ. ನಾಜಿ ಕಾಲದಲ್ಲಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ಆಸ್ಪತ್ರೆ ಆಶ್ರಮಗಳಿಂದ ಹೊರಡಿಸಿ ಕೊಂದ ಯೋಜನೆಯ ಮುಖ್ಯ ವೈದ್ಯಾಧಿಕಾರಿ ಇವನು. 1940, 41ರಲ್ಲಿ ಅದಕ್ಕೆ ಬಲಿಯಾದವರು 70,000ಕ್ಕೂ ಹೆಚ್ಚು. ಯುದ್ಧದ ನಂತರ ತಪ್ಪಿಸಿಕೊಂಡ ಹೈಡೆ, ಫ್ರಿಟ್ಜ್ ಸಾವಾಡೆ ಎಂಬ ಸುಳ್ಳು ಹೆಸರಿನಲ್ಲಿ ಫ್ಲೆನ್ಸ್‌ಬುರ್ಗ್‌ನಲ್ಲಿ ವೈದ್ಯನಾಗಿ ನೆಲೆಸಿ, ವರ್ಷಗಟ್ಟಲೆ ನ್ಯಾಯಾಲಯಗಳಿಗೂ ಸರ್ಕಾರಿ ಕಚೇರಿಗಳಿಗೂ ಸಾವಿರಾರು ತಜ್ಞ ವರದಿ ಬರೆದುಕೊಟ್ಟಿದ್ದ. ಆ ಪ್ರಾಂತ್ಯದ ಅನೇಕ ಅಧಿಕಾರಿಗಳಿಗೆ, ವೈದ್ಯರಿಗೆ ಅವನ ಅಸಲಿ ಹೆಸರು ಗೊತ್ತಿತ್ತು. ವಿಚಾರಣೆ ಶುರುವಾಗುವ ಕೆಲವೇ ದಿನ ಮೊದಲು, 1964ರ ಫೆಬ್ರವರಿಯಲ್ಲಿ, ಜೈಲಿನಲ್ಲೇ ಸತ್ತ. ಅಂಧರ ಆಶ್ರಮದ ಮರೆಯಲ್ಲಿ ಕೊಲೆ ನಡೆಸುವ ಗೌರವಸ್ಥನ ಕಥೆಯನ್ನು 1961ರಲ್ಲಿ ನೋಡಲು ಕೂತವರು ಈ ಸುದ್ದಿಯನ್ನು ಓದಿದ್ದವರು. ಫೋರರ್ ಹೈಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ಮಾಡಿದನೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಬೇಕಾದ ಅಗತ್ಯವೂ ಇಲ್ಲ. ಜನಪ್ರಿಯ ಚಿತ್ರ ಯಾವುದೋ ಒಂದು ಘಟನೆಯ ರೂಪಕವಾಗಬೇಕಿಲ್ಲ. ನೋಡುವವರ ಎದೆಯಲ್ಲಿ ಆಗಲೇ ಇರುವ ಅಳುಕನ್ನು ಅದು ಮುಟ್ಟಿದರೆ ಟಿಕೆಟ್ ಹರಿಯುತ್ತದೆ. ಇನ್ನೂ ಗಮನಿಸಬೇಕಾದದ್ದು, ಈ ಚಿತ್ರ ಆ ಅಳುಕನ್ನು ತಿರುಚುವ ರೀತಿ. ಕೊಲ್ಲುವ ಕೈಗಳು ಕುರುಡ ಜ್ಯಾಕ್ ಎಂಬ ದೈತ್ಯನವು. ಆ ಪಾತ್ರ ಆಡಿ ಬೆರ್ಬರ್ ಎಂಬ ಕುಸ್ತಿಪಟುವಿನದು. ನಿಜದಲ್ಲಿ ಬಲಿಯಾದವರನ್ನೇ ಸಿನಿಮಾ ಭೂತವನ್ನಾಗಿ ಮಾಡುತ್ತದೆ. ಅದೇ ಉಸಿರಿನಲ್ಲಿ, ಆ ಭೂತವನ್ನು ಸಾಕಿ ಛೂ ಬಿಟ್ಟವನು ಕಣ್ಣಿದ್ದೂ ಕುರುಡನಂತೆ ನಟಿಸಿದ ಸಭ್ಯಸ್ಥ ಎಂದೂ ಹೇಳಿಬಿಡುತ್ತದೆ. ಒಂದು ಕಡೆ ಹೊಲಸು ಪೂರ್ವಗ್ರಹ, ಇನ್ನೊಂದು ಕಡೆ ನಿಜದ ಸುಳಿವು. ಎರಡನ್ನೂ ಬೇರ್ಪಡಿಸಿ ಚೊಕ್ಕ ಮಾಡುವ ಜಾಣ್ಮೆ ಈ ಚಿತ್ರಗಳಿಗಿಲ್ಲ, ಅದೇ ಇವುಗಳ ಬೆಲೆ.

ಪೈಪೋಟಿಯ ನಿರ್ಮಾಪಕ ಆರ್ಟುರ್ ಬ್ರೌನರ್‌ನ ಚಿತ್ರಗಳಲ್ಲಿ ಮುಸುಕು ಇನ್ನೂ ತೆಳು. ಬ್ರೌನರ್ ಪೋಲೆಂಡಿನ ಯಹೂದಿ, ಹತ್ಯಾಕಾಂಡದಿಂದ ಉಳಿದು ಬಂದವನು, ಬಂಧುಬಳಗದ ಅನೇಕರನ್ನು ಕಳೆದುಕೊಂಡವನು. 1960ರಲ್ಲಿ ಅವನು ಫ್ರಿಟ್ಜ್ ಲಾಂಗ್‌ನನ್ನು ಕರೆಸಿ ‘ಡಾಕ್ಟರ್ ಮಾಬೂಝನ ಸಾವಿರ ಕಣ್ಣುಗಳು’ ಮಾಡಿಸಿದ. ಲಾಂಗ್ 1922ರಲ್ಲೇ ಮಾಬೂಝ ಎಂಬ ಮಹಾಖಳನನ್ನು ತೆರೆಗೆ ತಂದಿದ್ದ. ಅದರ ಮುಂದುವರಿಕೆಯಾಗಿ ಬಂದ ಇನ್ನೊಂದು ಚಿತ್ರವನ್ನು 1933ರಲ್ಲಿ ನಾಜಿಗಳು ನಿಷೇಧಿಸಿದ ಮೇಲೆ ದೇಶ ಬಿಟ್ಟಿದ್ದ. ಹಿಂದಿರುಗಿ ಬಂದು ಅವನು ಮಾಡಿದ ಈ ಕೊನೆಯ ಚಿತ್ರ ನಡೆಯುವುದು ಲುಕ್ಸೋರ್ ಎಂಬ ಹೋಟೆಲಿನಲ್ಲಿ. ಪ್ರತಿ ಕೋಣೆಯಲ್ಲೂ ಗುಪ್ತ ಕ್ಯಾಮೆರಾ, ಒಂದು ಕಡೆಯಿಂದ ಕನ್ನಡಿ ಇನ್ನೊಂದು ಕಡೆಯಿಂದ ಕಿಟಕಿಯಾಗುವ ಗಾಜು. ಅತಿಥಿಗಳ ಮೇಲೆ ಬೇಹುಗಾರಿಕೆಗೆಂದು ಆ ಹೋಟೆಲನ್ನು ಹಾಗೆ ಕಟ್ಟಿಸಿದ್ದು ನಾಜಿಗಳು. ಯುದ್ಧ ಮುಗಿದು ಹದಿನೈದು ವರ್ಷವಾದರೂ ಆ ಕಣ್ಣುಗಳು ತೆರೆದೇ ಇವೆ, ಯಜಮಾನ ಬದಲಾಗಿದ್ದಾನೆ ಅಷ್ಟೆ. ಈ ಮಾತನ್ನು ಆ ವರ್ಷದ ಯಾವ ಗಂಭೀರ ಜರ್ಮನ್ ಚಿತ್ರವೂ ಇಷ್ಟು ಚುರುಕಾಗಿ ಹೇಳಿದಂತಿಲ್ಲ. ನಟರ ಮುಖಗಳೂ ನೆನಪು ಹೊತ್ತು ಬರುತ್ತವೆ. ಅಲ್ಲಿ ಕಾಣುವ ವೆರ್ನರ್ ಪೇಟರ್ಸ್, ಪೂರ್ವ ಜರ್ಮನಿಯ 1951ರ ‘ಪ್ರಜೆ’ ಚಿತ್ರದಲ್ಲಿ ಮೇಲಿನವರಿಗೆ ಬಾಗಿ ಕೆಳಗಿನವರನ್ನು ತುಳಿಯುವ ಜರ್ಮನನ ಅಚ್ಚಳಿಯದ ಪಾತ್ರ ಮಾಡಿದ್ದವನು. ಮೊದಲ ವ್ಯಾಲೇಸ್ ಚಿತ್ರದಲ್ಲಿ ಕಾಣಿಸುವ ಮುದುಕ ಫ್ರಿಟ್ಜ್ ರಾಸ್ಪ್ 1927ರ ‘ಮೆಟ್ರೊಪೊಲಿಸ್’ನಲ್ಲಿದ್ದ. 1961ರ ‘ವಿಚಿತ್ರ ಕೌಂಟೆಸ್’ನ ಲಿಲ್ ಡಾಗೋವರ್ 1920ರ ‘ಡಾಕ್ಟರ್ ಕ್ಯಾಲಿಗರಿ’ಯ ನಾಯಕಿ. ಹಿಟ್ಲರನಿಗಿಂತ ಹಿಂದಿನ ನೆರಳಿನ ಸಿನಿಮಾದ ಕೊಂಡಿ ಕಡಿದುಹೋಗದೆ ಉಳಿದದ್ದು ಈ ಅಗ್ಗದ ಚಿತ್ರಗಳಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ, ಇವನ್ನು ಚರಿತ್ರೆಯ ಪಾಠವೆಂದು ಕಣ್ಣರಳಿಸಿ ನೋಡಬೇಕು ಎಂದೇನೂ ಅಲ್ಲ. ಒಳಗಿನ ಅಳುಕಿಗೆ ರುಚಿ ಕೊಟ್ಟದ್ದು ಮೇಲಿನ ಕೈಚಳಕ. ಫೋರರ್ ಯುದ್ಧದಲ್ಲಿ ಬಲಗೈ ಕಳೆದುಕೊಂಡ ನಟ, ಆಮೇಲೆ ಬರ್ಲಿನ್ನಿನಲ್ಲಿ ಡಬ್ಬಿಂಗ್ ಸಂಸ್ಥೆ ನಡೆಸಿದವನು. ದನಿಯಿಂದ ಬೆಚ್ಚಿಬೀಳಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು. ‘ಸತ್ತ ಕಣ್ಣುಗಳು’ ಚಿತ್ರದ ಒಂದು ಕಡೆ ಒಬ್ಬ ನೀರು ಚಿಮ್ಮಿಸಿ ಹಲ್ಲು ಸ್ವಚ್ಛ ಮಾಡಿಕೊಳ್ಳುತ್ತಾನೆ. ಕ್ಯಾಮೆರಾ ಅವನ ಬಾಯೊಳಗೇ ಕೂತಿದೆ: ಮೇಲೆ ಕೆಳಗೆ ದೊಡ್ಡ ದೊಡ್ಡ ಹಲ್ಲುಗಳ ಸಾಲು, ನಡುವೆ ಕೊಳವೆ ತೂರಿ ಬರುತ್ತದೆ. ಕಥೆಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೆ ನೋಡುವವನಿಗೆ, ಈ ಲೋಕದಲ್ಲಿ ಕಣ್ಣು ಎಲ್ಲಿ ಬೇಕಾದರೂ ಇರಬಹುದು ಎಂಬ ಕಸಿವಿಸಿ ಹತ್ತಿಕೊಳ್ಳುತ್ತದೆ. ಸರಣಿಯ ಹಲವು ಚಿತ್ರಗಳಿಗೆ ಪೇಟರ್ ಥೋಮಾಸ್ ಕೊಟ್ಟ ಸಂಗೀತವೂ ಹಾಗೆಯೇ. ಜಾಝ್ ತುತ್ತೂರಿಯ ನಡುವೆ ಕಿರುಚಾಟ, ಏದುಸಿರು, ಗುಂಡಿನ ಸದ್ದು ಎಲ್ಲವನ್ನೂ ವಾದ್ಯವಾಗಿ ಬಳಸಿಕೊಂಡ. ನಟರಂತೂ ಹಳೆಯ ನಾಟಕ ಕಂಪನಿಯವರ ಹಾಗೆ, ಅವರೇ ಮತ್ತೆ ಮತ್ತೆ ಬರುತ್ತಾರೆ. ಬೆಪ್ಪು ಬಟ್ಲರನೋ ಸಾರ್ಜೆಂಟನೋ ಆಗಿ 20ಕ್ಕೂ ಹೆಚ್ಚು ಚಿತ್ರಗಳಲ್ಲಿ ನಗಿಸುವ ಎಡ್ಡಿ ಆರೆಂಟ್, ಹೆಂಗಸರ ಮುಂದೆ ಮೀಸೆ ತಿರುವುವ ಸ್ಕಾಟ್ಲೆಂಡ್ ಯಾರ್ಡಿನ ಮುಖ್ಯಸ್ಥನಾಗಿ ಸೀಗ್‌ಫ್ರೀಡ್ ಶ್ಯೂರೆನ್‌ಬರ್ಗ್, ಬೆವರು ಒರೆಸಿಕೊಳ್ಳುತ್ತ ಬಾಗಿಲ ಸಂದಿಯಿಂದ ಇಣುಕುವ ಕ್ಲೌಸ್ ಕಿನ್ಸ್ಕಿ. ಕಿನ್ಸ್ಕಿಯನ್ನು ಕಂಡ ಕೂಡಲೇ ಇವನೇ ಎಂದುಕೊಳ್ಳುತ್ತೇವೆ, ಬಹಳ ಸಲ ಅವನೇ ಮುಂದಿನ ಹೆಣ. ಪರಿಚಿತ ಮುಖಗಳನ್ನು ಹೀಗೆ ಕಲಸುವ ಆಟದಲ್ಲಿ ಕೊನೆಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ. 1965ರ ‘ಭಯಾನಕ ಸನ್ಯಾಸಿ’ಗೆ ಬರುವಷ್ಟರಲ್ಲಿ ಮುಸುಕಿನ ಹಿಂದೆ ಆ ಎಡ್ಡಿ ಆರೆಂಟನೇ ಇದ್ದ.

ಆ ಕಾಲದ ವಿಮರ್ಶಕರು ಇದನ್ನೆಲ್ಲ ಕಸವೆಂದೇ ಕರೆದರು. 1962ರ ಫೆಬ್ರವರಿ 28ರಂದು ಓಬರ್‌ಹೌಸೆನ್ ಕಿರುಚಿತ್ರೋತ್ಸವದಲ್ಲಿ ಅಲೆಕ್ಸಾಂಡರ್ ಕ್ಲೂಗೆ ಮೊದಲಾದ 26 ಯುವಕರು ಸಹಿ ಹಾಕಿ, ಹಳೆಯ ಸಿನಿಮಾ ಸತ್ತಿದೆ, ಹೊಸದರಲ್ಲಿ ನಮ್ಮ ನಂಬಿಕೆ ಎಂದು ಘೋಷಿಸಿದರು. ಅವರ ಸಿಟ್ಟಿಗೆ ಕಾರಣವಿತ್ತು. ದೇಶದ ಗತಕ್ಕೆ ಮುಖಾಮುಖಿಯಾಗುವ ಸಿನಿಮಾ ಬೇಕಿತ್ತು, ಅದನ್ನು ಅವರೂ ಅವರ ಹಿಂದೆ ಬಂದವರೂ ಮಾಡಿಯೂ ತೋರಿಸಿದರು. ಆ ದೊಡ್ಡ ಚಿತ್ರಗಳ ಮುಂದೆ ವ್ಯಾಲೇಸ್ ಸರಣಿಯನ್ನಿಟ್ಟು ತೂಗುವುದು ಹಾಸ್ಯಾಸ್ಪದ. ಆದರೆ ಹಳತು ಹೊಸದರ ನಡುವಿನ ಗೋಡೆ ಘೋಷಣೆಯಲ್ಲಿ ಕಂಡಷ್ಟು ಗಟ್ಟಿಯಾಗಿರಲಿಲ್ಲ. ಸರಣಿ ನಿಂತ 1972ರಲ್ಲೇ ಹೊಸ ಸಿನಿಮಾದ ನಿರ್ದೇಶಕ ವೆರ್ನರ್ ಹೆರ್ಝೋಗ್‌ನ ‘ಅಗಿರೆ’ ಬಂತು. ಅಮೆಜಾನ್ ನದಿಯ ತೆಪ್ಪದ ಮೇಲೆ ಹುಚ್ಚು ಸಾಮ್ರಾಜ್ಯದ ಕನಸು ಕಾಣುವ ಆ ಮುಖ, ಹತ್ತಾರು ಅಗ್ಗದ ಚಿತ್ರಗಳಲ್ಲಿ ಬಾಗಿಲ ಸಂದಿಯಿಂದ ಇಣುಕಿದ್ದ ಕಿನ್ಸ್ಕಿಯದೇ. ವ್ಯಾಲೇಸ್ ಸರಣಿಯ ನಿರ್ಮಾಪಕ ಹೋರ್ಸ್ಟ್ ವೆಂಡ್ಲಾಂಟ್ 1981ರಲ್ಲಿ ಅದೇ ಹೊಸ ಸಿನಿಮಾದ ಫಾಸ್‌ಬೈಂಡರನ ‘ಲೋಲಾ’ಗೆ ಹಣ ಹಾಕಿದ. ಐವತ್ತರ ದಶಕದ ಜರ್ಮನಿಯ ಕಪಟ ಸಭ್ಯತೆಯನ್ನು ಬಿಚ್ಚಿಟ್ಟ ಆ ಚಿತ್ರದಲ್ಲಿ ಲೋಲಾಳ ತಾಯಿಯಾಗಿ ಬರುವವಳು ಕಾರಿನ್ ಬಾಲ್, ಇಪ್ಪತ್ತು ವರ್ಷದ ಹಿಂದೆ ಸತ್ತವನ ಮೈಮೇಲಿನ ಬ್ರೈಲ್ ಚೂರನ್ನು ಓದಿದವಳು.

ಎಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ, ಅದನ್ನು ಒಪ್ಪಲೇಬೇಕು. ಈ ಚಿತ್ರಗಳು ಅನುಮಾನವನ್ನು ಎಲ್ಲರ ಮೇಲೂ ಹರಡುತ್ತವೆ ನಿಜ, ಕೊನೆಯ ಹತ್ತು ನಿಮಿಷದಲ್ಲಿ ಅಷ್ಟನ್ನೂ ಗುಡಿಸಿ ಒಬ್ಬನ ತಲೆಗೆ ಕಟ್ಟುತ್ತವೆ. ಮುಖವಾಡ ಕಳಚುತ್ತದೆ, ಖಳ ಸಾಯುತ್ತಾನೆ, ಉಳಿದವರೆಲ್ಲ ಒಂದು ತಮಾಷೆ ಮಾತಿಗೆ ನಕ್ಕು ಮನೆಗೆ ಹೋಗುತ್ತಾರೆ. ಪಾದ್ರಿಯ ಆಶ್ರಮಕ್ಕೆ ದೇಣಿಗೆ ಕೊಟ್ಟವರು ಯಾರು, ವಿಮೆಯ ಕಾಗದಕ್ಕೆ ಮುದ್ರೆ ಒತ್ತಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ತಪ್ಪೆಲ್ಲ ಹಿಟ್ಲರನದು, ಅವನ ನಾಲ್ವರು ಬಂಟರದು, ಉಳಿದವರು ಅಮಾಯಕರು ಎಂದು ಅಂದಿನ ಜರ್ಮನ್ ಮಧ್ಯಮವರ್ಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನದ ಅಚ್ಚು ಇದೇ. ಹೈಡೆಯ ಪ್ರಕರಣದ ನಿಜವಾದ ಭೀಕರತೆ ಅವನು ಅಡಗಿದ್ದರಲ್ಲಿರಲಿಲ್ಲ, ಅಷ್ಟೊಂದು ಜನಕ್ಕೆ ಗೊತ್ತಿದ್ದದ್ದರಲ್ಲಿತ್ತು. ಆ ಮಾತಿಗೆ ಈ ಸಿನಿಮಾ ಬರುವುದೇ ಇಲ್ಲ. ಹೀಗಾಗಿ ಇವು ಧೈರ್ಯದ ಚಿತ್ರಗಳೆಂದು ನಾನು ಹೇಳಲಾರೆ. ಎಂಬತ್ತು ನಿಮಿಷ ಬಾಯಿ ಬಿಟ್ಟು, ಕೊನೆಗೆ ಏನೂ ಆಗಿಲ್ಲವೆಂಬಂತೆ ಮುಖ ಒರೆಸಿಕೊಳ್ಳುವ ಚಿತ್ರಗಳು. ನೋಡುವ ಕುತೂಹಲ ಇರುವುದೂ ಆ ಎರಡರ ಎಳೆದಾಟದಲ್ಲೇ. ಇನ್ನು ಹೆಂಗಸರನ್ನು ನಡೆಸಿಕೊಂಡ ರೀತಿ, ಏಷ್ಯಾದವರನ್ನು ಚಿತ್ರಿಸಿದ ರೀತಿಗಳಿಗೆ ಸಮರ್ಥನೆಯೇ ಇಲ್ಲ. 1963ರ ಒಂದು ಚಿತ್ರದ ಹೆಸರೇ ‘ಭಾರತದ ವಸ್ತ್ರ’. ಹೊರಗಿನ ಸಂಪರ್ಕ ಕಡಿದುಹೋದ ಬಂಗಲೆಯಲ್ಲಿ ಆಸ್ತಿಯ ಆಸೆಗೆ ಸೇರಿದ ನಂಟರು ಒಬ್ಬೊಬ್ಬರಾಗಿ ಉಸಿರುಗಟ್ಟಿ ಸಾಯುತ್ತಾರೆ. ಅದರಲ್ಲಿ ಭಾರತದ ಪಾಲಿಗೆ ಬಂದದ್ದು ಕತ್ತು ಬಿಗಿಯುವ ಬಟ್ಟೆ ಮಾತ್ರ.

1966ರ ‘ಸೋಹೋದ ಗೂನ’ದೊಂದಿಗೆ ಸರಣಿಗೆ ಬಣ್ಣ ಬಂತು. ಬಣ್ಣ ಬಂದದ್ದೇ ಕೇಡಾಯಿತು ಎನ್ನಬಹುದು. ಹಸಿರು ನೇರಳೆ ದೀಪಗಳಲ್ಲಿ ಮಂಜಿನ ಗುಟ್ಟು ರಟ್ಟಾಯಿತು, ಸೆಟ್ಟಿನ ರಟ್ಟೂ ಕಂಡಿತು, ಆ ಕೊರತೆ ತುಂಬಲು ನೈಟ್‌ಕ್ಲಬ್ಬುಗಳೂ ಅರೆಬತ್ತಲೆ ಹುಡುಗಿಯರೂ ಹೆಚ್ಚಿದರು. ಅಷ್ಟರಲ್ಲಿ ಜೇಮ್ಸ್ ಬಾಂಡ್ ಅಲೆ ಎದ್ದಿತ್ತು. ನಮ್ಮಲ್ಲಿ 1968ರಲ್ಲಿ ‘ಜೇಡರ ಬಲೆ’ಯ ಸಿಐಡಿ 999 ಆಗಿ ರಾಜಕುಮಾರ್ ಬಂದದ್ದೂ ಅದೇ ಅಲೆಯ ಮೇಲೆ. ಜರ್ಮನರ ಪಾಲಿಗೆ ಅದು ಜೆರಿ ಕಾಟನ್, ಕಮಿಷನರ್ ಎಕ್ಸ್ ಸರಣಿಗಳಾಗಿ ಬಂತು. ಕಮಿಷನರ್ ಎಕ್ಸ್ ಸರಣಿಯ ಒಂದು ಚಿತ್ರ ಸಿಂಹಳದಲ್ಲಿ ತಯಾರಾಯಿತು. 1971ರ ಕೊನೆಯದು ಪಾಕಿಸ್ತಾನದ ಲಾಹೋರಿನಲ್ಲಿ, ಅಲ್ಲಿನ ತಾರೆಯರಾದ ಮೊಹಮ್ಮದ್ ಅಲಿ, ಝೇಬಾ ಅವರನ್ನು ಸೇರಿಸಿಕೊಂಡು. ಅದರ ನಿರ್ದೇಶಕ ‘ಮುಖವಾಡದ ಕಪ್ಪೆ’ಯ ಹಾರಾಲ್ಡ್ ರೈನ್ಲ್. ಬಿಸಿಲಿನ ಬೀದಿಗಳಲ್ಲಿ ಕಾರು ಓಡಿಸುವ ಈ ಚಿತ್ರಗಳು ತಮಾಷೆಯಾಗಿವೆ, ಆದರೆ ಅಳುಕಿಲ್ಲ, ಹಾಗಾಗಿ ನೆನಪಿನಲ್ಲಿ ಉಳಿಯುವುದೂ ಕಡಿಮೆ. ವ್ಯಾಲೇಸ್ ಸರಣಿಯ ಕೊನೆಯ ಚಿತ್ರಗಳು ಇಟಲಿಯ ಪಾಲುಗಾರಿಕೆಯಲ್ಲಿ, ಇಟಲಿಯ ನಿರ್ದೇಶಕರ ಕೈಯಲ್ಲಿ ತಯಾರಾದವು. ಕಪ್ಪು ಕೈಗವಸಿನ ಕೊಲೆಗಾರ ದಕ್ಷಿಣಕ್ಕೆ ವಲಸೆ ಹೋಗಿ ಅಲ್ಲಿ ಇನ್ನಷ್ಟು ಸೊಗಸಾದ, ಇನ್ನಷ್ಟು ಕ್ರೂರವಾದ ಬಾಳು ಕಂಡುಕೊಂಡ.

ಪ್ರೇಕ್ಷಕರಿಗೆ ಮಂಜು ಬೇಡವಾದದ್ದಕ್ಕೆ ಕಾರಣ ಬಣ್ಣವೊಂದೇ ಅಲ್ಲ. 1963ರ ಕೊನೆಗೆ ಫ್ರಾಂಕ್‌ಫರ್ಟಿನಲ್ಲಿ ಆಶ್ವಿಟ್ಜ್ ಶಿಬಿರದ ಸಿಬ್ಬಂದಿಯ ಮೇಲಿನ ವಿಚಾರಣೆ ಶುರುವಾಗಿ 1965ರ ಆಗಸ್ಟ್‌ವರೆಗೆ ನಡೆಯಿತು. ಕಟಕಟೆಯಲ್ಲಿ ನಿಂತವರಲ್ಲಿ ಔಷಧ ವ್ಯಾಪಾರಿ, ಹಲ್ಲಿನ ವೈದ್ಯ, ಗುಮಾಸ್ತ, ಹೀಗೆ ಊರಿನಲ್ಲಿ ಮರ್ಯಾದಸ್ಥರಾಗಿ ಬದುಕುತ್ತಿದ್ದವರಿದ್ದರು. ಅವರ ಹೆಸರುಗಳು ದಿನಾ ಪತ್ರಿಕೆಯಲ್ಲಿ ಬಂದವು. 1968ರ ಹೊತ್ತಿಗೆ ಮಕ್ಕಳು ಅಪ್ಪಂದಿರನ್ನು ಊಟದ ಮೇಜಿನ ಮುಂದೆಯೇ ಕೇಳತೊಡಗಿದ್ದರು. ವೇಷ ಹಾಕಿ ಕೇಳುವ ಪ್ರಶ್ನೆಗೆ ಆಮೇಲೆ ಗಿರಾಕಿ ಕಡಿಮೆ. 1970ರ ನವೆಂಬರ್ 29ರ ಭಾನುವಾರ ರಾತ್ರಿ ಜರ್ಮನ್ ಟಿವಿಯಲ್ಲಿ ‘ಟಾಟೋರ್ಟ್’ ಎಂಬ ಪತ್ತೇದಾರಿ ಸರಣಿಯ ಮೊದಲ ಕಂತು ಬಂತು, ಹೆಸರು ‘ಲೈಪ್‌ಝಿಗ್‌ಗೆ ಟ್ಯಾಕ್ಸಿ’. ಪೂರ್ವ ಜರ್ಮನಿಯ ಹೆದ್ದಾರಿ ಬದಿಯ ವಾಹನ ತಂಗುದಾಣದಲ್ಲಿ ಒಬ್ಬ ಹುಡುಗನ ಹೆಣ, ಕಾಲಲ್ಲಿ ಪಶ್ಚಿಮದ ಬೂಟು. ಬೆನ್ನು ಹತ್ತಿ ಹೊರಡುವವನು ಟ್ರಿಮ್ಮೆಲ್ ಎಂಬ ಹ್ಯಾಂಬರ್ಗಿನ ಪೊಲೀಸ್ ಅಧಿಕಾರಿ, ಒರಟ, ಹೆಂಡ ಸಿಗರೇಟಿನವನು. ಊರಿನ ಹೆಸರೂ ಪೊಲೀಸನ ಹೆಸರೂ ಜರ್ಮನಿಯವೇ. ಆ ಸರಣಿ ಈಗಲೂ ಭಾನುವಾರ ರಾತ್ರಿ ಬರುತ್ತಿದೆ, ಹೆಚ್ಚಿನ ಕಂತುಗಳು ಒಂದೊಂದು ಜರ್ಮನ್ ಊರಿನವು.